ಗುಡುಗಿಗೆ ಎಳೆದ ಗಾಜಿನ ವಯರು

ಗುಡುಗು ಕೇಳಿದ ಕೂಡಲೇ ನಿಮ್ಮ ಕೈ ಎಲ್ಲಿಗೆ ಹೋಗುತ್ತದೆ? ಕೆಲವರದು ಕಿವಿಗೆ ಹೋಗುತ್ತದೆ. ಬಟ್ಟೆ ಒಣಗಲು ಹಾಕಿದವರದು ಹಗ್ಗಕ್ಕೆ ಹೋಗುತ್ತದೆ. ನಮ್ಮ ಸುಳ್ಯ, ಪುತ್ತೂರು ಕಡೆಯವರದು ಮಾತ್ರ ಗೋಡೆಗೆ ಹೋಗುತ್ತದೆ, ವಯರ್ ಎಳೆಯಲಿಕ್ಕೆ. ಮೊನ್ನೆ ಸಂಜೆ ಬೆಳ್ಳಾರೆಯ ಒಂದು ಅಂಗಡಿಯಲ್ಲಿ ಸಕ್ಕರೆ ಕಟ್ಟಿಸಿಕೊಳ್ಳುತ್ತಿದ್ದೆ. ದೂರದಲ್ಲಿ ಒಮ್ಮೆ ಗುಡುಗಿತು. ನೋಡುವಾಗ ನನ್ನ ಕೈ ಅಂಗಡಿಯವರ ಫ್ರಿಜ್ಜಿನ ಪ್ಲಗ್ಗನ್ನು ಕಿತ್ತಾಗಿತ್ತು. ಅವರು ಬೈಯಲಿಲ್ಲ. ಅವರ ಕೈ ಅಷ್ಟರಲ್ಲಿ ಟಿವಿಯ ವಯರಿನಲ್ಲಿತ್ತು.

ಇದೇ ಅಭ್ಯಾಸ ಈ ಬೇಸಿಗೆಯಲ್ಲಿ ನನ್ನಿಂದ ಒಂದು ತಪ್ಪು ಮಾಡಿಸಿತು. ಅಲ್ಲ, ಕೈ ಮಾಡಿದ್ದು ಸಣ್ಣ ತಪ್ಪು. ದೊಡ್ಡದನ್ನು ಮಾಡಿದ್ದು ಬಾಯಿ. ಅದನ್ನು ಹೇಳಲಿಕ್ಕೇ ಕುಳಿತಿದ್ದೇನೆ. ಆದರೆ ನೇರವಾಗಿ ಅಲ್ಲಿಗೇ ಹೋಗುವಷ್ಟು ಧೈರ್ಯ ಸಾಲದು, ಸ್ವಲ್ಪ ಸುತ್ತಿ ಬಂದರೆ ನೀವು ಬೇಸರ ಮಾಡಿಕೊಳ್ಳಬಾರದು.

ನಮ್ಮ ಅಜ್ಜಿಯ ಕಾಲದಲ್ಲಿ ಎಳೆಯಲು ಮನೆಯಲ್ಲಿ ವಯರೇ ಇರಲಿಲ್ಲ. ಆಗ ಗುಡುಗಿದರೆ ಅಜ್ಜಿ ಒಂದು ಕತ್ತಿಯನ್ನು ಅಂಗಳಕ್ಕೆ ಎಸೆಯುತ್ತಿದ್ದಳು. ಕಬ್ಬಿಣ ಕಂಡರೆ ಸಿಡಿಲು ಅಲ್ಲಿಗೇ ಹೋಗುತ್ತದಂತೆ, ಮನೆಯ ತಂಟೆಗೆ ಬರುವುದಿಲ್ಲವಂತೆ. ಮಳೆ ನಿಂತ ಮೇಲೆ ಕೆಸರಿನಲ್ಲಿ ಆ ಕತ್ತಿ ಹುಡುಕಿ ತರುವ ಕೆಲಸ ನನ್ನದು. ಫೋನ್ ಬಂದ ಮೇಲೆ ಸಿಡಿಲಿಗೆ ಒಳಗೆ ಬರಲು ದಾರಿಯೇ ಸಿಕ್ಕಿದಂತಾಯಿತು. ಕಂಬದಿಂದ ಕಂಬಕ್ಕೆ, ಮರದಿಂದ ಮರಕ್ಕೆ ಹಾದು ಬಂದ ತಾಮ್ರದ ತಂತಿ ಅದು. ಮೊದಲ ವರ್ಷವೇ ಒಂದು ಸಂಜೆ ಟಪ್ಪೆಂದು ಸದ್ದಾಗಿ ಫೋನಿನ ಡಬ್ಬಿ ಗೋಡೆಯಿಂದ ಹಾರಿ ಅಕ್ಕಿಯ ಗೋಣಿಯ ಮೇಲೆ ಬಿತ್ತು. ಅಂದಿನಿಂದ ಗುಡುಗಿಗೆ ವಯರ್ ತೆಗೆಯುವ ಅಧಿಕಾರ ನನ್ನ ಅಕ್ಕ ಕಮಲನದ್ದಾಯಿತು.

ಅಧಿಕಾರ ಎಂದರೆ ಅಧಿಕಾರವೇ. ಯಾರು ಮಾತಾಡುತ್ತಿದ್ದಾರೆ, ಎಂತ ಮಾತಾಡುತ್ತಿದ್ದಾರೆ ಎಂದು ಅಕ್ಕ ನೋಡುತ್ತಿರಲಿಲ್ಲ. ನಮ್ಮ ನೆಂಟರ ಮನೆಯ ಹುಡುಗಿಯೊಬ್ಬಳಿಗೆ ಸಂಬಂಧ ನೋಡುತ್ತಿದ್ದಾಗ ಮಧ್ಯಸ್ಥರು ನಮ್ಮಲ್ಲಿಗೆ ಫೋನ್ ಮಾಡಿದ್ದರು. "ಹುಡುಗ ಒಳ್ಳೆಯವ ಕಮಲಕ್ಕ. ಆಸ್ತಿ ಉಂಟು, ಚಟ ಇಲ್ಲ. ಆದರೆ ಒಂದು..." ಎನ್ನುವಾಗ ಗುಡುಗಿತು. ಅಕ್ಕ ವಯರ್ ಎಳೆದಳು. ಆ ರಾತ್ರಿ ಹುಡುಗಿಯ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಮರುದಿನ ಮಳೆ ಬಿಟ್ಟ ಮೇಲೆ ಉಳಿದ ಮಾತು ಬಂತು: ಹುಡುಗ ಸ್ವಲ್ಪ ಕುಳ್ಳ, ಅಷ್ಟೇ. ಎಂತೆಂತದ್ದೋ ಯೋಚಿಸಿ ಕಂಗೆಟ್ಟಿದ್ದವರಿಗೆ ಕುಳ್ಳ ಎಂಬುದು ಶುಭವಾರ್ತೆಯಾಗಿ, ಆ ಮದುವೆ ಆಗಿಯೇ ಹೋಯಿತು.

ನಮ್ಮ ಮನೆ ಇರುವುದು ಐವರ್ನಾಡಿನಲ್ಲಿ, ರಸ್ತೆಯಿಂದ ಸ್ವಲ್ಪ ಇಳಿದು ಹೋಗಬೇಕಾದ ಒಂದು ತಗ್ಗಿನಲ್ಲಿ. ಅಲ್ಲಿ ಮೊಬೈಲಿಗೆ ರೇಂಜ್ ಸಿಗುವುದಿಲ್ಲ. ನಾನು ಏಳನೆಯ ಕ್ಲಾಸಿನಲ್ಲಿ ಎರಡು ಸಲ ಕುಳಿತವ. ಮೂರನೆಯ ಸಲ ಕೂರಲು ಬೆಂಚು ಸಣ್ಣದಾಯಿತು. ಮತ್ತೆ ಅಲ್ಲಿ ಇಲ್ಲಿ ದುಡಿದು, ಈಗ ಕುರ್ಚಿ, ಶಾಮಿಯಾನ, ಅಡುಗೆಯ ದೊಡ್ಡ ಪಾತ್ರೆಗಳನ್ನು ಬಾಡಿಗೆಗೆ ಕೊಡುತ್ತೇನೆ. ಕೊಡುತ್ತೇನೆ ಎಂಬುದು ಕೂಡ ಹೆಸರಿಗೆ ಮಾತ್ರ. ಪಿಕಪ್ ಓಡಿಸುವುದು, ಕಂಬ ನಿಲ್ಲಿಸುವುದು ನಾನು. ವ್ಯಾಪಾರ ಅಕ್ಕನದು, ಏಕೆಂದರೆ ಫೋನ್ ಅಕ್ಕನದು. ಮನೆಗೆ ಫೋನ್ ಬಂದ ವರ್ಷವೇ ಗಂಡ ತೀರಿಕೊಂಡು ತವರಿಗೆ ಬಂದವಳು ಮೊದಲ ದಿನವೇ ರಿಂಗಾದ ಫೋನನ್ನು ಎತ್ತಿಕೊಂಡಳು, ಮತ್ತೆ ಯಾರಿಗೂ ಬಿಡಲಿಲ್ಲ.

ಅವಳು ಬುಕಿಂಗ್ ಮಾಡಿಕೊಳ್ಳುವುದನ್ನು ನೀವು ಕೇಳಬೇಕು.

"ಇನ್ನೂರು ಕುರ್ಚಿ ಸಾಕು ಕಮಲಕ್ಕ."

"ನಿಮ್ಮ ಅಣ್ಣನ ಮಗಳ ಮದುವೆಗೂ ಇನ್ನೂರು ಅಂತ್ಲೇ ಹೇಳಿದ್ದು. ಅರ್ಧ ಜನ ನಿಂತೇ ಇದ್ದರು. ಈಗ ನಿಮಗೂ ನಿಮ್ಮ ಹೆಂಡತಿಯ ತವರಿನವರಿಗೂ ರಾಜಿ ಆಗಿದೆಯಲ್ಲ, ಅವರೂ ಬರ್ತಾರೆ. ಮುನ್ನೂರು ಕಳಿಸ್ತೇನೆ."

"ರಾಜಿ ಆದದ್ದು ನಿಮಗೆ ಯಾರು ಹೇಳಿದ್ದು?"

"ಅವರಿಗೂ ಕುರ್ಚಿ ಬೇಕಾಗ್ತದಲ್ಲ ಮಾರಾಯ್ರೆ."

ಇದೊಂದನ್ನೂ ಅವಳು ಬರೆದಿಡುವವಳಲ್ಲ. ಯಾವ ದಿನ ಯಾರ ಮನೆಯಲ್ಲಿ ಎಂತ ಕಾರ್ಯಕ್ರಮ, ಯಾರ ಸೌಟು ಯಾರ ಮನೆಯಲ್ಲಿ ಉಳಿದಿದೆ, ಎಲ್ಲವೂ ತಲೆಯಲ್ಲಿ. ಆ ತಲೆಯ ಬಗ್ಗೆ ಅವಳಿಗೆ ಸಣ್ಣ ಅಹಂಕಾರವೂ ಇತ್ತು, ಅದರ ಅಡಿಯಲ್ಲಿ ಒಂದು ಹೆದರಿಕೆಯೂ ಇತ್ತು. ಕೊನೆಯ ವರ್ಷಗಳಲ್ಲಿ ನಮ್ಮ ಅಮ್ಮ ಎಲ್ಲವನ್ನೂ ಮರೆತಿದ್ದಳು. ನನ್ನನ್ನು ಹಾಲಿನವನೆಂದು ತಿಳಿದು ದಿನಾ ಪಾತ್ರೆ ಹಿಡಿದುಕೊಂಡು ಬರುತ್ತಿದ್ದಳು. ನಾನು ನಕ್ಕು ಹೊರಗೆ ಹೋಗಿಬಿಡುತ್ತಿದ್ದೆ. ಅವಳನ್ನು ಮೀಯಿಸಿ, ಉಣಿಸಿ, ಕೇಳಿದ್ದನ್ನೇ ಕೇಳಿದರೂ ಉತ್ತರ ಕೊಟ್ಟವಳು ಅಕ್ಕ. ಅದಕ್ಕೇ ಸಾರಿಗೆ ಉಪ್ಪು ಹಾಕಿದ್ದು ಒಮ್ಮೆ ಮರೆತರೂ ಅಕ್ಕನ ಮುಖ ಬಾಡುತ್ತಿತ್ತು.

ಈಗ ವಿಷಯಕ್ಕೆ ಬರುತ್ತೇನೆ.

ಹಳೆಯ ತಾಮ್ರದ ಲೈನಿಗೆ ವಯಸ್ಸಾಗಿತ್ತು. ಮಳೆಗಾಲದಲ್ಲಿ ಒಳಗೆ ನೀರು ಹರಿದಂತೆ ಗೊರಗೊರ ಎನ್ನುತ್ತಿತ್ತು. ರಸ್ತೆ ಅಗಲ ಮಾಡುವಾಗ ಕಂಬಗಳು ಹೋದವು, ಅವುಗಳೊಟ್ಟಿಗೆ ಫೋನೂ ಹೋಯಿತು. ಆಗ ಬಂದವ ಅಶ್ರಫ್. ಜಾಲ್ಸೂರಿನ ಬ್ಯಾರಿ ಹುಡುಗ. ಹುಡುಗ ಎಂದು ಬಾಯಿಗೆ ಬರುತ್ತದೆ, ಅವನಿಗೆ ಮದುವೆಗೆ ಬಂದ ಮಗಳಿದ್ದಾಳೆ. ಸೌದಿಯಲ್ಲಿ ಕೆಲಸ ಮಾಡಿ ಬಂದು, ಈಗ ಮನೆಮನೆಗೆ ಇಂಟರ್ನೆಟ್ಟಿನ ಲೈನ್ ಎಳೆಯುತ್ತಾನೆ.

"ಕಮಲಕ್ಕ, ನಿಮ್ಮ ಹಳೇ ನಂಬ್ರವೇ ಇರ್ತದೆ. ಈ ಫೋನೇ ಇರ್ತದೆ. ಇಂಟರ್ನೆಟ್ಟಿನಲ್ಲಿ ಮಾತು ಹೋಗುದು, ಅಷ್ಟೇ. ಖರ್ಚೂ ಕಡಿಮೆ. ಇಡೀ ದಿನ ಮಾತಾಡಿದರೂ ತಿಂಗಳಿಗೆ ಅಷ್ಟೇ ದುಡ್ಡು."

"ಇಡೀ ದಿನ ಮಾತಾಡಿದರೂ?" ಎಂದು ಅಕ್ಕ ಎರಡು ಸಲ ಕೇಳಿದಳು.

"ಹೌದು ಅಕ್ಕ. ಲಾಸ್ ನಮಗೆ."

ಆ ನಷ್ಟವನ್ನು ಅಕ್ಕ ಮನಸ್ಸಿಟ್ಟು ಮಾಡಿಸಿದಳು. ರಾಮಕುಂಜದಲ್ಲಿ ನಮ್ಮ ದೊಡ್ಡಮ್ಮನ ಮಗಳು ಸರೋಜ ಇದ್ದಾಳೆ. ಮೊದಲು ಹಬ್ಬಕ್ಕೊಮ್ಮೆ ಮಾತಾಡುತ್ತಿದ್ದವರು ಈಗ ದಿನಾ ಮಧ್ಯಾಹ್ನ ಊಟವಾದ ಮೇಲೆ ಕುಳಿತರೆ ಚಹಾದ ಹೊತ್ತಿನವರೆಗೆ ಮಾತು. ಇಬ್ಬರಿಗೂ ಮಾತು ಮುಗಿದರೆ ಫೋನ್ ಇಡದೆ ಸುಮ್ಮನೆ ಕೂರುವುದೂ ಇತ್ತು. ದುಡ್ಡು ಕೊಡದೆ ಸುಮ್ಮನೆ ಕೂರುವ ಆ ಸುಖಕ್ಕೆ ನಾನು ಅಶ್ರಫನ ಉಪಕಾರವನ್ನು ಎಷ್ಟು ನೆನೆದರೂ ಕಡಿಮೆ.

ಲೈನ್ ಹಾಕಿದ ದಿನ ಅಕ್ಕ ಒಳಗೆ ಚಹಾ ಮಾಡುತ್ತಿದ್ದಳು. ಅಶ್ರಫ್ ನನ್ನನ್ನು ಕರೆದು ತೋರಿಸಿದ. "ಬಾಲಣ್ಣ, ಈ ಹಳದಿ ವಯರ್ ನೋಡಿ. ಇದರೊಳಗೆ ಇರುದು ಗಾಜು. ಕರೆಂಟ್ ಇಲ್ಲ, ಬೆಳಕು ಹೋಗುದು. ಗುಡುಗಿದರೆ ಈ ಕರೆಂಟಿನ ಪ್ಲಗ್ ಮಾತ್ರ ತೆಗೀರಿ. ಹಳದಿಯನ್ನು ಮುಟ್ಟಬೇಡಿ. ಎಳೆದರೆ ಗಾಜು ತುಂಡಾಗ್ತದೆ."

ನಾನು ತಲೆಯಾಡಿಸಿದೆ. ಗಾಜಿನೊಳಗೆ ಮಾತು ಹೇಗೆ ಹೋಗುತ್ತದೆ ಎಂದು ಯೋಚಿಸುತ್ತಿದ್ದೆ. ಅಕ್ಕನಿಗೆ ಹೇಳಬೇಕೆಂದು ಅವನು ಹೇಳಿದ್ದ, ಅದನ್ನೂ ಹೇಳಲಿಲ್ಲ.

ಬೇಸಿಗೆ ಬಂತು. ನಮ್ಮ ಕಡೆ ಮಳೆಗಾಲಕ್ಕೆ ಮೊದಲು ಸಂಜೆ ಸಂಜೆ ಗುಡುಗು. ಆ ವಾರವಂತೂ ದಿನಾ. ಒಂದು ಮಧ್ಯಾಹ್ನ ಮನೆಯಲ್ಲಿ ನಾನೊಬ್ಬನೇ ಇದ್ದೆ. ನನ್ನ ಹೆಂಡತಿ ವೇದಾ ಪೇಟೆಗೆ ಹೋಗಿದ್ದಳು, ಅಕ್ಕ ನೆರೆಮನೆಯ ಗಿರಿಜಕ್ಕನಲ್ಲಿಗೆ ಹಲಸಿನ ಹಪ್ಪಳ ಒತ್ತಲು ಹೋಗಿದ್ದಳು. ಮನೆಯ ಮುಂದಿನ ಚಾವಡಿಯಲ್ಲಿ, ಫೋನಿನ ಹತ್ತಿರವೇ ಮಲಗಿದ್ದ ನನಗೆ ತಲೆಯ ಮೇಲೆಯೇ ಗುಡುಗಿದಂತಾಯಿತು. ಕಣ್ಣು ಬಿಡುವ ಮೊದಲೇ ಕೈ ಗೋಡೆಯಲ್ಲಿತ್ತು. ಎಳೆದೆ. ಬರಲಿಲ್ಲ. ಬಾರದ ವಯರನ್ನು ಕಂಡರೆ ನಮಗೆ ಕೋಪ ಬರುತ್ತದೆ, ಇನ್ನೂ ಜೋರಾಗಿ ಎಳೆದೆ. ಕೈಯಲ್ಲಿ ಹಳದಿ ತುಂಡು ಉಳಿಯಿತು.

ಅದನ್ನು ಪುನಃ ಅಲ್ಲಿಗೇ ಸಿಕ್ಕಿಸಿದೆ. ನೋಡಲು ಏನೂ ಆಗದಂತಿತ್ತು. ಇಂಟರ್ನೆಟ್ಟಿನ ಡಬ್ಬಿಯಲ್ಲಿ ಕೆಂಪು ದೀಪ ಮಾತ್ರ ಮಿಣಮಿಣ ಎನ್ನುತ್ತಿತ್ತು. ನಾನು ಪಿಕಪ್ ತೊಳೆಯಲು ಹೋದೆ.

ಫೋನ್ ಸತ್ತಿದೆ ಎಂದು ಅಕ್ಕ ಹೇಳಿ ಕಳಿಸಿದ್ದರಿಂದ ಮರುದಿನ ಅಶ್ರಫ್ ಬಂದ. ತುಂಡನ್ನು ಬೆರಳಿನಲ್ಲಿ ಹಿಡಿದು, "ಯಾರು ಮಾರಾಯ್ರೆ ಇದನ್ನು ಎಳೆದದ್ದು?" ಎಂದು ನಗುತ್ತಾ ಕೇಳಿದ. ಬೈಗುಳವೇನೂ ಇರಲಿಲ್ಲ ಅದರಲ್ಲಿ. ನಾನೇ ಎಂದಿದ್ದರೆ ನಗು ಮುಂದುವರಿಯುತ್ತಿತ್ತು, ಅಷ್ಟೇ. ಆದರೆ ತಲೆಯಾಡಿಸಿ ಕೇಳಿಸಿಕೊಂಡವ ನಾನು. ಆ ನಾಚಿಕೆ ಮುಚ್ಚಲು ಬಾಯಿ ಹೇಳಿತು: "ಅಕ್ಕನಿಗೆ ಗುಡುಗಿದರೆ ವಯರ್ ತೆಗೆಯುವ ಅಭ್ಯಾಸ ಉಂಟಲ್ಲ."

ಅಕ್ಕ ಎಳೆದಳು ಎಂದು ನಾನು ಹೇಳಲಿಲ್ಲ. ಹಾಗೆ ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಕಳ್ಳನೂ ತಾನು ಬಾಗಿಲು ಒಡೆಯಲಿಲ್ಲ, ತೆರೆದಿತ್ತು ಎನ್ನುತ್ತಾನೆ.

ಅಕ್ಕ ಬಾಗಿಲ ಹತ್ತಿರ ನಿಂತಿದ್ದಳು. ಜಗಳ ಮಾಡುತ್ತಾಳೆ ಎಂದುಕೊಂಡೆ. ಮಾಡಿದ್ದರೆ ಒಳ್ಳೆಯದಿತ್ತು. ಅವಳು ಹುಬ್ಬು ಗಂಟು ಹಾಕಿ ಸ್ವಲ್ಪ ಯೋಚಿಸಿ, "ನಾನು ಎಳೆದೆನಾ? ನಿನ್ನೆ ಗಿರಿಜಕ್ಕನಲ್ಲಿ ಇದ್ದೆನಲ್ಲ. ಹೋಗುವ ಮೊದಲು ತೆಗೆದೆನಾ ಏನೋ. ನೆನಪೇ ಇಲ್ಲ" ಎಂದಳು. ಮತ್ತೆ ಒಳಗೆ ಹೋದಳು.

ಅಶ್ರಫ್ ಹೊಸ ತುಂಡು ಹಾಕಿದ. ಫೋನ್ ಸರಿಯಾಯಿತು. ಅಕ್ಕ ಸರಿಯಾಗಲಿಲ್ಲ.

ಮೊದಲು ನನಗೆ ಗೊತ್ತಾಗಲಿಲ್ಲ. ಗುಡುಗಿದರೆ ಅಕ್ಕ ಎದ್ದು ಬಂದು ಗೋಡೆಯ ಎದುರು ಕೈ ಹಿಂದೆ ಕಟ್ಟಿ ನಿಲ್ಲುತ್ತಿದ್ದಳು. "ವೇದಾ, ನೀನು ತೆಗಿ" ಎನ್ನುತ್ತಿದ್ದಳು. ಮತ್ತೆ ಒಲೆಯ ಹತ್ತಿರ, "ಇದಕ್ಕೆ ಉಪ್ಪು ಹಾಕಿದೆನಾ ನೋಡು." ಮತ್ತೆ ಫೋನ್ ರಿಂಗಾದರೆ, "ಬಾಲ, ನೀನು ಎತ್ತು. ನಾನು ದಿನ ತಪ್ಪಿ ಹೇಳಿದರೆ ಒಬ್ಬರ ಮದುವೆ ಹಾಳಾಗ್ತದೆ." ಸರೋಜನ ಫೋನಿಗೂ ಬೇಗ ಬೇಗ ಮಾತು ಮುಗಿಸಿಬಿಡುತ್ತಿದ್ದಳು, ಹೇಳಿದ್ದನ್ನೇ ಹೇಳಿದರೆ ಸರೋಜನಿಗೆ ಗೊತ್ತಾಗುತ್ತದೆ ಎಂದು.

ನಾನು ಫೋನ್ ಎತ್ತಿದ್ದರಿಂದ ಏನಾಯಿತೆಂದರೆ, ಒಂದೇ ದಿನಕ್ಕೆ ಎರಡು ಮನೆಯವರಿಗೆ ಅದೇ ಶಾಮಿಯಾನವನ್ನು ಒಪ್ಪಿಕೊಂಡೆ. ಒಂದು ಮನೆಯಲ್ಲಿ ಗೃಹಪ್ರವೇಶ, ಇನ್ನೊಂದರಲ್ಲಿ ಬೊಜ್ಜ, ಸತ್ತವರ ಉತ್ತರಕ್ರಿಯೆ. ಬೊಜ್ಜದವರು ಪಾಪ, "ತೀರಿಹೋದವರಿಗೆ ಬಿಸಿಲು ತಾಗುದಿಲ್ಲ, ಬಂದವರಿಗೆ ತಾಗ್ತದಲ್ಲ ಬಾಲಣ್ಣ. ಕಮಲಕ್ಕ ಇರ್ಲಿಲ್ವಾ?" ಎಂದರು. ತಾಡಪತ್ರಿ ಕಟ್ಟಿ ಸುಧಾರಿಸಿದೆ. ಇಡೀ ಐವರ್ನಾಡೇ ಕಮಲಕ್ಕ ಎಲ್ಲಿ ಎಂದು ಕೇಳತೊಡಗಿತು. ನಾನು ಕಂಬಕ್ಕೆ ಹಗ್ಗ ಬಿಗಿಯುತ್ತಾ ಕೇಳದವನ ಹಾಗೆ ಇದ್ದೆ. ಹೇಳಬೇಕೆಂದು ದಿನಾ ಅಂದುಕೊಳ್ಳುತ್ತಿದ್ದೆ. ಆದರೆ ಸುಳ್ಳು ಹಳತಾದಷ್ಟು ಅದನ್ನು ಬಿಚ್ಚುವುದು ಕಷ್ಟ, ಮಳೆಗೆ ನೆನೆದ ಹಗ್ಗದ ಗಂಟಿನ ಹಾಗೆ.

ಒಂದು ಬೆಳಿಗ್ಗೆ ಅಕ್ಕ ಚಾವಡಿಗೆ ಬಂದು ನನ್ನ ಎದುರು ಕುಳಿತಳು. ಸೆರಗಿನ ತುದಿ ಬೆರಳಿಗೆ ಸುತ್ತುತ್ತಿದ್ದಳು.

"ಪುತ್ತೂರಿನಲ್ಲಿ ಮರೆವಿಗೆ ನೋಡುವ ಡಾಕ್ಟ್ರು ಇದ್ದಾರಂತೆ. ಹೋಗಿ ಹೆಸರು ಬರೆಸಿ ಬಾ. ಅಮ್ಮನಿಗೆ ನಾವು ತಡ ಮಾಡಿದೆವು."

"ನಿನಗೆ ಎಂತ ಆಗಿದೆ ಅಕ್ಕ?"

"ನನಗೆ ಎಂತ ಆಗಿದೆ ಅಂತ ಅಮ್ಮನೂ ಹಾಗೇ ಕೇಳ್ತಿದ್ದದ್ದು." ಮತ್ತೆ ದನಿ ಇಳಿಸಿ, "ನನ್ನನ್ನು ಯಾರು ನೋಡಿಕೊಳ್ಳುದು ಬಾಲ? ವೇದಾನಿಗೆ ಅಷ್ಟು ಕೆಲಸ ಕೊಡ್ಲಿಕ್ಕೆ ನನಗೆ ಮನಸ್ಸಿಲ್ಲ" ಎಂದಳು.

ಅಲ್ಲೇ ಹೇಳಬೇಕಿತ್ತು. ನಾನು ಚಪ್ಪಲಿ ಹಾಕಿಕೊಂಡು ಬಸ್ಸಿಗೆ ಹೋದೆ. ನನ್ನಂತಹ ಹೇಡಿಗೆ ಎದುರಿಗಿರುವ ಮುಖಕ್ಕಿಂತ ಪುತ್ತೂರು ಹತ್ತಿರ.

ಕ್ಲಿನಿಕ್ಕಿನಲ್ಲಿ ಮೇಜಿನ ಹಿಂದೆ ಒಬ್ಬಳು ಹುಡುಗಿ ಕುಳಿತಿದ್ದಳು. ತಲೆ ಎತ್ತದೆ ಕೇಳಿದಳು: "ಪೇಶೆಂಟಿನ ಹೆಸರು?"

"ಕಮಲ."

"ಎಂತ ತೊಂದರೆ?"

ಮರೆವು ಎನ್ನಬೇಕು. ಮೂರೇ ಅಕ್ಷರದ ಶಬ್ದ. ಆ ದಿನ ಅಶ್ರಫನ ಎದುರು ಅಷ್ಟು ಸುಲಭವಾಗಿ ಓಡಿದ ನಾಲಿಗೆ ಈಗ ಅಂಟಿಕೊಂಡಿತ್ತು. ಹುಡುಗಿ ತಲೆ ಎತ್ತಿದಳು.

"ಎಂತ ತೊಂದರೆ ಹೇಳಿ ಅಣ್ಣ, ಹಿಂದೆ ಜನ ಇದ್ದಾರೆ."

"ತೊಂದರೆ ಅವಳಿಗೆ ಇಲ್ಲ," ಎಂದೆ.

"ಹಾಗಾದರೆ ನಿಮ್ಮ ಹೆಸರು ಬರೆಯುದಾ?"

ಹಿಂದೆ ನಿಂತವರು ನಕ್ಕರು. ಆ ಹುಡುಗಿ ಎಲ್ಲಿದ್ದರೂ ಸುಖವಾಗಿರಲಿ. ನಾನು ಹೊರಗೆ ಬಂದು, ಮೆಟ್ಟಿಲ ಹತ್ತಿರ ನಿಂತು, ಮೊಬೈಲಿನಿಂದ ಮನೆಗೆ ಫೋನ್ ಮಾಡಿದೆ. ವೇದಾ ದನದ ಹಟ್ಟಿಯಲ್ಲಿ ಇರುವ ಹೊತ್ತು ಅದು. ತುಂಬ ಹೊತ್ತು ರಿಂಗಾಯಿತು. ಎತ್ತುವುದೋ ಬೇಡವೋ ಎಂದು ಫೋನಿನ ಎದುರು ನಿಂತ ಅಕ್ಕನನ್ನು ನಾನು ಪುತ್ತೂರಿನಿಂದಲೇ ನೋಡುತ್ತಿದ್ದೆ. ಕೊನೆಗೆ ಎತ್ತಿದಳು.

"ಅಕ್ಕ, ಬಾಲ ಮಾತಾಡುದು."

"ಹೆಸರು ಬರೆಸಿದೆಯಾ?"

"ಅಕ್ಕ, ಆ ಹಳದಿ ವಯರ್ ಎಳೆದದ್ದು ನಾನು. ನೀನು ಮನೆಯಲ್ಲಿ ಇರಲೇ ಇಲ್ಲ. ಗುಡುಗಿತು, ನಿದ್ದೆಗಣ್ಣಿನಲ್ಲಿ ಎಳೆದೆ. ಅಶ್ರಫ್ ಕೇಳಿದಾಗ ನಾಚಿಕೆಯಾಗಿ ನಿನ್ನ ಮೇಲೆ ಹಾಕಿದೆ."

ಆ ಕಡೆ ಸದ್ದೇ ಇಲ್ಲ. ಹಳೆಯ ಲೈನಾಗಿದ್ದರೆ ಗೊರಗೊರವಾದರೂ ಇರುತ್ತಿತ್ತು. ಈ ಗಾಜಿನ ಲೈನಿನಲ್ಲಿ ಮೌನವೂ ಚೊಕ್ಕವಾಗಿ ಕೇಳಿಸುತ್ತದೆ. ಅವಳ ಉಸಿರು ಕೇಳಿಸಿತು.

"ಹಾಗಾದರೆ ನಾನು ಗುಡುಗುವಾಗ ಹಪ್ಪಳದ ಚಾಪೆ ಎತ್ತಿದ್ದು ಹೌದು," ಎಂದಳು.

"ಹೌದು ಅಕ್ಕ."

"ಗಿರಿಜಕ್ಕ ಒಂದು ಕಡೆ, ನಾನು ಒಂದು ಕಡೆ. ಚಾಪೆ ಮಡಿಚುವಾಗ ನನ್ನ ಕಾಲು ಜಾರಿತು. ಮಳೆಯ ಮೊದಲ ಹನಿ ಹಪ್ಪಳದ ಮೇಲೆ ಬಿತ್ತು. ಎಲ್ಲ ನೆನಪುಂಟು ನನಗೆ. ಆದರೆ ಅದು ಮುಂಚಿನ ದಿನದ್ದೋ ಏನೋ ಅಂತ ಆಯ್ತು. ಗಿರಿಜಕ್ಕನನ್ನು ಕೇಳ್ಲಿಕ್ಕೂ ಹೆದರಿಕೆ. ಅವಳು ಮುಂಚಿನ ದಿನ ಅಂದ್ರೆ?"

ಅವಳು ಅಳುತ್ತಿದ್ದಾಳೆಂದು ಗೊತ್ತಾಯಿತು. ಮತ್ತೆ ಮೂಗು ಒರೆಸಿಕೊಂಡ ಸದ್ದು.

"ನಿನಗೆ ನಾಚಿಕೆ ಆಯ್ತು ಅಂತ ನನ್ನ ತಲೆ ತೆಗೆದು ಕೊಟ್ಟೆಯಲ್ಲ ಮಾರಾಯ."

"ತಪ್ಪಾಯ್ತು ಅಕ್ಕ."

"ತಪ್ಪಾದದ್ದು ಹೌದು. ಅಮ್ಮನನ್ನು ನಾನು ನೋಡಿಕೊಂಡದ್ದನ್ನು ನೀನು ನೋಡಿದ್ದಿ. ನೋಡಿಯೂ ಹೇಳಿದೆಯಲ್ಲ. ಈಗ ಫೋನ್ ಇಡು. ನನಗೆ ಕೆಲಸ ಉಂಟು" ಎಂದಳು.

ಇಟ್ಟೆ. ಹತ್ತಿರದ ಹೋಟೆಲಿನಲ್ಲಿ ಒಂದು ಚಹಾ ಕುಡಿದು, ಮನಸ್ಸು ತಡೆಯದೆ ಪುನಃ ಫೋನ್ ಮಾಡಿದೆ. ಎಂಗೇಜ್. ಬಸ್ ಸ್ಟ್ಯಾಂಡಿಗೆ ಬಂದು ಮಾಡಿದೆ. ಎಂಗೇಜ್. ಬಸ್ಸು ಹತ್ತಿ ಕೂರುವಾಗ ನನ್ನ ಮೊಬೈಲೇ ರಿಂಗಾಯಿತು. ಅಶ್ರಫ್.

"ಬಾಲಣ್ಣ, ಕಮಲಕ್ಕ ಫೋನ್ ಮಾಡಿದ್ರು. ವಯರ್ ಎಳೆದದ್ದು ಅವರಲ್ಲ ಅಂತ ನಾನು ಬರೆದುಕೊಳ್ಳಬೇಕಂತೆ. ಎಲ್ಲಿ ಬರೆಯುದು ಮಾರಾಯ್ರೆ?"

"ಎಲ್ಲಿಯಾದ್ರೂ ಬರಿ," ಎಂದೆ.

"ನೀವು ಅಂತ ನನಗೆ ಆವತ್ತೇ ಗೊತ್ತಿತ್ತು. ಹೆಂಗಸರು ಎಳೆದರೆ ಅಷ್ಟು ಮೋಸವಾಗಿ ಸಿಕ್ಕಿಸಿ ಇಡುದಿಲ್ಲ." ಅವನು ನಗಲಿಲ್ಲ. "ಆದರೆ ಹೇಳಿದಿರಲ್ಲ. ಒಳ್ಳೇದಾಯ್ತು."

ಬೆಳ್ಳಾರೆಯಲ್ಲಿ ಬಸ್ಸಿಳಿಯುವಾಗ ಬೊಜ್ಜದ ಮನೆಯ ಯಜಮಾನರು ಎದುರಾದರು. "ಎಂತ ಬಾಲಣ್ಣ, ಗುಡುಗು ಜೋರುಂಟಾ?" ಎಂದರು. ಮುಖದಲ್ಲಿ ತುಂಟ ನಗು. ಐವರ್ನಾಡಿನ ರಸ್ತೆಯಲ್ಲಿ ಗಿರಿಜಕ್ಕ ಹುಲ್ಲಿನ ಕಟ್ಟು ಹೊತ್ತು ಬರುತ್ತಿದ್ದಳು. ನನ್ನನ್ನು ನೋಡಿ ನಿಂತು, ತಲೆಯನ್ನು ಮಾತ್ರ ಎಡಕ್ಕೂ ಬಲಕ್ಕೂ ಆಡಿಸಿ ಹೋದಳು. ಅಷ್ಟು ಬೈಗುಳವನ್ನು ಒಂದೇ ಸಲ ನಾನು ಎಂದೂ ತಿಂದಿರಲಿಲ್ಲ.

ನಾನು ಪುತ್ತೂರಿನಿಂದ ಮನೆಗೆ ಮುಟ್ಟುವಷ್ಟರಲ್ಲಿ ಸುದ್ದಿ ನನಗಿಂತ ಮುಂದೆ ಹೋಗಿ ಮೂರು ತಾಲೂಕು ಸುತ್ತಿತ್ತು. ಎಷ್ಟು ಮಾತಾಡಿದರೂ ಅದೇ ದುಡ್ಡು ಎಂದು ಅಶ್ರಫ್ ಹೇಳಿದ್ದನ್ನು ಅಕ್ಕ ಪೂರ್ತಿ ಉಪಯೋಗಿಸಿದ್ದಳು. ತನಗೆ ಮರೆವು ಬಂದಿದೆ ಎಂದು ಯಾರು ಯಾರು ತಿಳಿದಿರಬಹುದೋ ಅವರಿಗೆಲ್ಲ ಒಬ್ಬೊಬ್ಬರಿಗಾಗಿ ಫೋನ್ ಮಾಡಿ, ತನ್ನ ತಲೆಯನ್ನು ಒಂದೊಂದು ಮನೆಯಿಂದ ವಾಪಸು ತಂದಿದ್ದಳು. ನಾಚಿಕೆಯಾಗಲಿಲ್ಲವೇ ಎಂದು ಕೇಳಿದರೆ, ಆಯಿತು. ಆದರೆ ದಾರಿಯಿಡೀ ಆ ನಾಚಿಕೆಯ ಜೊತೆಗೆ ಇನ್ನೊಂದೂ ಇತ್ತು. ತಂತಿ ಬಿಚ್ಚಿಹೋದ ಮನೆಯಲ್ಲಿ ಮತ್ತೆ ದೀಪ ಹತ್ತಿದಾಗ ಆಗುತ್ತದಲ್ಲ, ಅಂಥದ್ದು.

ಚಾವಡಿಯಲ್ಲಿ ಅಕ್ಕ ಫೋನಿನ ಹತ್ತಿರ ಕಾಲು ಚಾಚಿ ಕುಳಿತಿದ್ದಳು. ಮಾತು ನಡೆದಿತ್ತು. ನನ್ನನ್ನು ಕಂಡು ದನಿ ಇಳಿಸುವ ಶಾಸ್ತ್ರವನ್ನೂ ಮಾಡಲಿಲ್ಲ.

"ಬಂದ ನೋಡು. ಈಗಷ್ಟೇ ಬಂದ. ನಾನು ಹೇಳಿದರೆ ನಾನು ಕಟ್ಟಿ ಹೇಳುದು ಅಂತ ಆಗುದು ಬೇಡ. ಇರು, ಅವನ ಬಾಯಿಂದಲೇ ಕೇಳು."

ರಿಸೀವರನ್ನು ನನ್ನ ಕಡೆ ಚಾಚಿದಳು. ಕಣ್ಣು ಇನ್ನೂ ಕೆಂಪಿತ್ತು, ಆದರೆ ಮುಖ ನನ್ನ ಹಳೆಯ ಅಕ್ಕನದೇ, ಮುನ್ನೂರು ಕುರ್ಚಿ ಕಳಿಸುವವಳದು. ಆ ಕಡೆ ಸರೋಜನೋ, ಬೇರೆ ಯಾರೋ, ನಾನು ಕೇಳಲಿಲ್ಲ. ಚಪ್ಪಲಿಯನ್ನೂ ಬಿಚ್ಚದೆ ನೆಲದಲ್ಲಿ ಕುಳಿತು, ಆ ಮಧ್ಯಾಹ್ನ ನಾನು ಮಲಗಿದ್ದಲ್ಲಿಂದ ಹೇಳಲು ಶುರು ಮಾಡಿದೆ.